ಏಪ್ರಿಲ್‌ನಲ್ಲಿ ಬೀಗ ಬೀಳುವ ಸೇವೆ

ನಮ್ಮ ಕಾಲೇಜುಗಳಲ್ಲಿ ಎನ್ನೆಸ್ಸೆಸ್ ಅಂತ ಒಂದು ಇದೆಯಲ್ಲ, ರಾಷ್ಟ್ರೀಯ ಸೇವಾ ಯೋಜನೆ, ಅದರ ಬ್ಯಾಡ್ಜನ್ನು ಯಾವತ್ತಾದರೂ ಹತ್ತಿರದಿಂದ ನೋಡಿದ್ದೀರಾ? ಕೋನಾರ್ಕದ ಸೂರ್ಯ ದೇವಾಲಯದ ರಥದ ಚಕ್ರ ಅದು. ಚಕ್ರಕ್ಕೆ ಎಂಟು ಅರಗಳು. ಎಂಟು ಅರ ಅಂದರೆ ದಿನದ 24 ಗಂಟೆ, ಬ್ಯಾಡ್ಜ್ ಹಾಕಿಕೊಂಡವನು 24 ಗಂಟೆಯೂ ಸೇವೆಗೆ ಸಿದ್ಧ ಅಂತ ಅರ್ಥ. ವರ್ಷಕ್ಕೆ ಎಷ್ಟು ತಿಂಗಳು ಅನ್ನುವುದನ್ನು ಮಾತ್ರ ಚಕ್ರ ಹೇಳುವುದಿಲ್ಲ :)

ಯಾಕೆ ಹೇಳಿದೆ ಅಂದರೆ, ಬೇಸಿಗೆ ಬಂತೆಂದರೆ ಈ ಚಕ್ರ ನಿಂತುಬಿಡುತ್ತದೆ. ಪರೀಕ್ಷೆ ಹತ್ತಿರ ಬರುತ್ತಿದ್ದಂತೆ ಗುದ್ದಲಿ, ಪಿಕಾಸಿ, ಬಾಂಡ್ಲಿ, ಬ್ಯಾನರ್ ಎಲ್ಲ ಎನ್ನೆಸ್ಸೆಸ್ ಕೋಣೆಯೊಳಗೆ ಸೇರಿ ಬೀಗ ಬೀಳುತ್ತದೆ. ಮತ್ತೆ ತೆಗೆಯುವುದು ಕಾಲೇಜು ಶುರುವಾಗಿ, ಹೊಸ ಹುಡುಗರ ಹೆಸರು ಬರೆಸಿಕೊಂಡು, ಸೆಪ್ಟೆಂಬರ್ 24ರ ಎನ್ನೆಸ್ಸೆಸ್ ದಿನಾಚರಣೆಗೆ ಭಾಷಣಕಾರರನ್ನು ಹುಡುಕುವ ಹೊತ್ತಿಗೆ. ನಡುವಿನ ಎರಡು ತಿಂಗಳು ಸ್ವಯಂಸೇವಕರು ರಜೆಯಲ್ಲಿ, ಸೇವೆಯೂ ರಜೆಯಲ್ಲಿ.

ನಾನೂ ಎರಡು ವರ್ಷ ಆ ಬ್ಯಾಡ್ಜ್ ಹಾಕಿಕೊಂಡವನು. ಈಗ ನೆಂಟರ ಮಕ್ಕಳು, ಪಕ್ಕದ ಮನೆಯ ಹುಡುಗರು ಹಾಕಿಕೊಳ್ಳುತ್ತಾರೆ. "ಬೇಸಿಗೆಯಲ್ಲಿ ಏನು ಮಾಡ್ತೀರೋ?" ಅಂತ ಕೇಳಿದರೆ "ಏನಿಲ್ಲ, ಎಲ್ರೂ ಊರಿಗೆ ಹೋಗಿರ್ತೀವಲ್ಲ" ಅನ್ನುತ್ತಾರೆ. ಊರಿಗೆ ಹೋಗಿರುವುದರಿಂದ ಏನೂ ಮಾಡಲಾಗುವುದಿಲ್ಲ ಅಂತ ಅವರ ಲೆಕ್ಕ. ನನ್ನ ಲೆಕ್ಕ ಉಲ್ಟಾ. ಊರಿಗೆ ಹೋಗಿರುವುದೇ ಅವರ ದೊಡ್ಡ ಬಂಡವಾಳ. ಅದನ್ನು ಬಳಸಿಕೊಳ್ಳುವ ಯೋಚನೆ ನಮ್ಮ ಸೇವಾ ಘಟಕಗಳಿಗೆ ಹೊಳೆದ ಹಾಗಿಲ್ಲ ಅನ್ನುವುದೇ ಈ ಬರಹದ ತಕರಾರು.

ಸ್ವಲ್ಪ ಹಿಂದಿನ ಕತೆ. ಓದುವ ಹುಡುಗರಿಂದ ದೇಶಸೇವೆ ಮಾಡಿಸಬೇಕು ಅನ್ನುವ ಮಾತು ಸ್ವಾತಂತ್ರ್ಯ ಬಂದಾಗಿನಿಂದಲೂ ಇತ್ತು. ಕಡ್ಡಾಯ ಮಾಡಬೇಕೋ, ಇಷ್ಟವಿದ್ದವರಿಗೆ ಬಿಡಬೇಕೋ ಅಂತ ಹತ್ತಿಪ್ಪತ್ತು ವರ್ಷ ಚರ್ಚೆಯೇ ನಡೆಯಿತು. ಸಿ.ಡಿ. ದೇಶಮುಖರ ಸಮಿತಿ ಕಡ್ಡಾಯ ಅಂದಿತು. ಆಮೇಲೆ ಬಂದವರು ಬೇಡ, ಒಲವಿದ್ದವರು ಮಾಡಲಿ ಅಂದರು. ಕಡೆಗೆ ಗಾಂಧೀಜಿಯ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಯೋಜನೆ ಶುರುವಾಯಿತು. ಶುರು ಮಾಡಿದವರು ಆಗಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಆಗ ಅವರು ನಮ್ಮ ಬಳ್ಳಾರಿಯ ಸಂಸದರು. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಕಟ್ಟಿದವರೂ ಅವರೇ. ಹಾಗಾಗಿ ಈ ಯೋಜನೆಯ ಮೇಲೆ ನಮಗೆ ಒಂದು ಚೂರು ಹೆಚ್ಚೇ ಹಕ್ಕಿದೆ ಅಂದುಕೊಳ್ಳೋಣ.

ನಿಯಮ ಸರಳ. ಸ್ವಯಂಸೇವಕ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಒಂದು ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ, ನಮ್ಮ ಕಾಲದಲ್ಲಿ ಹತ್ತು ದಿನ. ಸಾಮಾನ್ಯವಾಗಿ ಒಂದು ಘಟಕದಲ್ಲಿ ನೂರು ಜನ, ಶಿಬಿರಕ್ಕೆ ಐವತ್ತು ಜನ.

ಶಿಬಿರದ ಬಗ್ಗೆ ನನಗೆ ಕೋಪವಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಪ್ರಭಾತಫೇರಿ, ಆಮೇಲೆ ಶ್ರಮದಾನ, ಮಧ್ಯಾಹ್ನ ಉಪನ್ಯಾಸ (ಅರ್ಧ ಜನ ಕೂತಲ್ಲೇ ನಿದ್ದೆ), ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ. ಮನೆಯಲ್ಲಿ ಒಂದು ಲೋಟ ತೊಳೆಯದ ಹುಡುಗ ಐವತ್ತು ಜನರ ಅನ್ನದ ಪಾತ್ರೆ ಉಜ್ಜುತ್ತಾನೆ. ಯಾರ ಪಕ್ಕ ಕೂತು ಊಟ ಮಾಡಬಾರದು ಅಂತ ಮನೆಯಲ್ಲಿ ಹೇಳಿಕೊಟ್ಟಿದ್ದರೋ ಅವರ ಪಕ್ಕವೇ ಚಾಪೆ ಹಾಸಿಕೊಂಡು ಮಲಗುತ್ತಾನೆ. ಅದೆಲ್ಲ ಬೇಕು. ಆದರೆ ಅಲ್ಲಿ ಹೆಚ್ಚು ಉಪಕಾರವಾಗುವುದು ಶಿಬಿರಾರ್ಥಿಗೆ. ಊರಿಗೆ ಸಿಗುವುದು ಗುಡಿಸಿದ ಬೀದಿ, ಸುಣ್ಣ ಬಳಿದ ಶಾಲೆಯ ಕಾಂಪೌಂಡು. ಏಳನೇ ದಿನ ಸಮಾರೋಪ ಮುಗಿಸಿ ಬಸ್ಸು ಹತ್ತಿದರೆ ಆ ಊರಿಗೂ ನಮಗೂ ಮುಗಿಯಿತು. ಯಾರ ಮಗ, ಯಾರ ಮಗಳು ಅಂತ ಅಲ್ಲಿನವರಿಗೆ ಗೊತ್ತಿಲ್ಲ, ಅಲ್ಲಿ ಯಾವ ಮನೆಯಲ್ಲಿ ಏನು ಕಷ್ಟ ಅಂತ ನಮಗೆ ಗೊತ್ತಿಲ್ಲ.

ಈಗ ಬೇಸಿಗೆಯ ಲೆಕ್ಕ ನೋಡಿ. ತಾಲೂಕು ಕೇಂದ್ರದ ಒಂದು ಸರ್ಕಾರಿ ಪದವಿ ಕಾಲೇಜು ಅಂದುಕೊಳ್ಳಿ. ಘಟಕದ ನೂರು ಹುಡುಗ ಹುಡುಗಿಯರು ಐವತ್ತು ಅರವತ್ತು ಊರುಗಳಿಂದ ಬಂದಿರುತ್ತಾರೆ. ಏಪ್ರಿಲ್ ಬಂದಾಗ ಅಷ್ಟೂ ಊರುಗಳಲ್ಲಿ ಒಬ್ಬಿಬ್ಬರು ಸ್ವಯಂಸೇವಕರು ತಾವಾಗಿ ಹೋಗಿ ಕೂತಿರುತ್ತಾರೆ. ಬಸ್ ಚಾರ್ಜಿಲ್ಲ, ಊಟದ ಖರ್ಚಿಲ್ಲ, ಟೆಂಟಿಲ್ಲ. ಅವರು ಆ ಊರಿನವರು. ಯಾರ ಮನೆಯ ಬಾಗಿಲಿಗಾದರೂ ಹೋಗಿ "ಚಿಕ್ಕಮ್ಮಾ..." ಅಂತ ಕರೆಯಬಲ್ಲವರು. ಒಬ್ಬೊಬ್ಬರು ವಾರಕ್ಕೆ ಬರೀ ಎರಡು ಗಂಟೆ ಕೊಟ್ಟರೂ ಎಂಟು ವಾರಕ್ಕೆ ನೂರು ಜನರಿಂದ 1600 ಗಂಟೆ. ಐವತ್ತು ಜನರ ಶಿಬಿರದಲ್ಲಿ ದಿನಕ್ಕೆ ನಾಲ್ಕು ಗಂಟೆ ಶ್ರಮದಾನ ಅಂತ ಹಿಡಿದರೂ ಏಳು ದಿನಕ್ಕೆ ಆಗುವುದು 1400.

ಸರಿ, ಆ ಎರಡು ಗಂಟೆಯಲ್ಲಿ ಏನು ಮಾಡುವುದು? ನನಗೆ ತೋಚಿದ್ದನ್ನು ಬರೆಯುತ್ತೇನೆ. ಇವೆಲ್ಲ ಬೇಸಿಗೆಯಲ್ಲೇ ಆಗಬೇಕಾದ ಕೆಲಸಗಳು. ಬೇರೆ ತಿಂಗಳಲ್ಲಿ ಮಾಡಿದರೆ ಪ್ರಯೋಜನ ಕಡಿಮೆ ಅಥವಾ ಇಲ್ಲವೇ ಇಲ್ಲ.

ಮೊದಲನೆಯದು, ನೀರು ಹೊಯ್ಯುವುದು.

ಜೂನ್ 5ರ ಪರಿಸರ ದಿನ, ಜುಲೈ ಮೊದಲ ವಾರದ ವನಮಹೋತ್ಸವ. 1950ರಲ್ಲಿ ಕೆ.ಎಂ. ಮುನ್ಷಿ ಶುರು ಮಾಡಿದಾಗಿನಿಂದ ನಾವು ಗಿಡ ನೆಡುತ್ತಲೇ ಇದ್ದೇವೆ. ಒಂದು ಗಿಡಕ್ಕೆ ಹನ್ನೆರಡು ಕೈ, ಒಂದು ಫೋಟೋ. ಆ ಗಿಡ ಮಳೆಗಾಲದಲ್ಲಿ ಬದುಕುತ್ತದೆ, ಚಳಿಗಾಲದಲ್ಲೂ ಹೇಗೋ ಬದುಕುತ್ತದೆ. ಸಾಯುವುದು ಮಾರ್ಚ್, ಏಪ್ರಿಲ್‌ನಲ್ಲಿ. ಸರಿಯಾಗಿ ನೆಟ್ಟವರು ಪರೀಕ್ಷೆ ಬರೆದು ಮನೆಗೆ ಹೋದಾಗ. ಮುಂದಿನ ಜೂನ್‌ನಲ್ಲಿ ಅದೇ ಗುಂಡಿಗೆ ಇನ್ನೊಂದು ಗಿಡ, ಇನ್ನೊಂದು ಫೋಟೋ. ಗುಂಡಿ ತೋಡುವ ಕೆಲಸವಾದರೂ ಉಳಿಯಿತು ಅನ್ನಿ.

2025ರ ನವೆಂಬರ್‌ನಲ್ಲಿ ತೀರಿಕೊಂಡ ಸಾಲುಮರದ ತಿಮ್ಮಕ್ಕನ ಬಗ್ಗೆ ನಮ್ಮ ಎಲ್ಲ ಭಾಷಣಗಳಲ್ಲೂ "385 ಆಲದ ಮರ ನೆಟ್ಟವರು" ಅಂತ ಬರುತ್ತದೆ. ನೆಟ್ಟಿದ್ದು ದೊಡ್ಡದೇ. ಆದರೆ ತಿಮ್ಮಕ್ಕ, ಚಿಕ್ಕಯ್ಯ ದಂಪತಿ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ಆ ನಾಲ್ಕು ಕಿಲೋಮೀಟರ್ ದಾರಿಯಲ್ಲಿ ಬೇಸಿಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತರಲ್ಲ, ದನ ಮೇಯದ ಹಾಗೆ ಮುಳ್ಳು ಕಟ್ಟಿದರಲ್ಲ, ಮರ ಆಗಿದ್ದು ಅದರಿಂದ. ನೆಡುವುದು ಒಂದು ದಿನದ ಕೆಲಸ, ಹೊರುವುದು ವರ್ಷಗಳ ಕೆಲಸ.

ಹಾಗಾಗಿ ಘಟಕಕ್ಕೆ ನನ್ನ ಸಲಹೆ ಇಷ್ಟು. ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಹಾಕಲು ಜನ ಇದ್ದಾರೋ ಅಷ್ಟೇ ಗಿಡ ಜುಲೈನಲ್ಲಿ ನೆಡಿ. ಕಾಲೇಜಿನ ಆವರಣದಲ್ಲಿ ನೂರು ನೆಟ್ಟು ಕಾವಲುಗಾರನ ತಲೆಗೆ ಕಟ್ಟುವ ಬದಲು, ಒಬ್ಬೊಬ್ಬ ಸ್ವಯಂಸೇವಕ ತನ್ನೂರಿನಲ್ಲಿ, ತಾನು ದಿನಾ ಓಡಾಡುವ ಜಾಗದಲ್ಲಿ ಒಂದೋ ಎರಡೋ ನೆಡಲಿ. ಬುಡಕ್ಕೆ ತರಗೆಲೆ ಮುಚ್ಚಿ, ಪಕ್ಕದಲ್ಲಿ ತಳಕ್ಕೆ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ತೂರಿಸಿದ ಹಳೆಯ ಮಡಕೆ ಹೂತರೆ, ಹಾಕಿದ ನೀರು ನಿಧಾನವಾಗಿ ಬೇರಿಗೇ ಇಳಿಯುತ್ತದೆ. ಮುಂದಿನ ವರ್ಷದ ಸಸಿಗೆ ಬೀಜ ಸಿಗುವುದೂ ಈ ಬೇಸಿಗೆಯಲ್ಲೇ. ಹುಣಸೆಹಣ್ಣು ಕುಟ್ಟಿದ ಮನೆಯಂಗಳದಲ್ಲಿ ಬೀಜದ ರಾಶಿ ಬಿದ್ದಿರುತ್ತದೆ, ಹೊಂಗೆಕಾಯಿ ಮರದಡಿ ಉದುರಿರುತ್ತದೆ. ಹಲಸಿನ ಬೀಜ ಮಾತ್ರ ಒಣಗಲು ಬಿಡಬೇಡಿ, ತಿಂದ ಕೂಡಲೇ ಮಣ್ಣಿಗೆ ಹಾಕಿ, ಒಣಗಿದರೆ ಮೊಳೆಯುವುದಿಲ್ಲ. ಖಾಲಿ ಹಾಲಿನ ಪ್ಯಾಕೆಟ್ಟು, ಮಣ್ಣು, ಗೊಬ್ಬರ ಸಾಕು.

ಎರಡನೆಯದು ರಕ್ತ.

ನಮ್ಮ ಸ್ವಯಂಪ್ರೇರಿತ ರಕ್ತದಾನದ ದೊಡ್ಡ ಭಾಗ ನಡೆಯುವುದು ಕಾಲೇಜುಗಳಲ್ಲಿ. ಹಾಗಾಗಿಯೇ ಕಾಲೇಜು ಮುಚ್ಚುವ ಏಪ್ರಿಲ್, ಮೇ ತಿಂಗಳಲ್ಲಿ "ರಕ್ತದ ಕೊರತೆ" ಅಂತ ಪತ್ರಿಕೆಗಳಲ್ಲಿ ಪ್ರತಿವರ್ಷ ಸುದ್ದಿ ಬರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ದೊಡ್ಡ ಶಿಬಿರ ಮಾಡಿ ಕೂಡಿಡೋಣ ಅಂದರೆ ಆಗುವುದಿಲ್ಲ. ಕೆಂಪು ರಕ್ತಕಣಗಳನ್ನು ಸಾಮಾನ್ಯವಾಗಿ 35ರಿಂದ 42 ದಿನ ಇಡಬಹುದು. ಮಾರ್ಚ್ 10ಕ್ಕೆ ಕೊಟ್ಟ ರಕ್ತದ ಆಯಸ್ಸು ಹೆಚ್ಚೆಂದರೆ ಏಪ್ರಿಲ್ 21ಕ್ಕೆ ಮುಗಿಯಿತು. ಪ್ಲೇಟ್‌ಲೆಟ್ ಅಂತೂ ಐದೇ ದಿನ. ಇತ್ತ ಥಲಸ್ಸೇಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕೇ ಬೇಕು. ಆ ಮಗುವಿನ ದೇಹಕ್ಕೆ ಬೇಸಿಗೆ ರಜೆ ಅನ್ನುವುದಿಲ್ಲ.

ಆದ್ದರಿಂದ ಒಂದೇ ದಿನ ಅರವತ್ತು ಜನ ಸಾಲು ನಿಂತು ದಾಖಲೆ ಮಾಡುವುದಕ್ಕಿಂತ, ಅದೇ ಅರವತ್ತು ಜನ ಮಾರ್ಚ್‌ನಿಂದ ಮೇ ಕೊನೆಯವರೆಗೆ ವಾರಕ್ಕೆ ಐದೈದು ಜನರಂತೆ ತಂತಮ್ಮ ಊರಿಗೆ ಹತ್ತಿರದ ರಕ್ತನಿಧಿಗೆ ಹೋಗಲಿ. ಪರೀಕ್ಷೆಗೆ ಮುಂಚೆಯೇ ಯಾರದು ಯಾವ ವಾರ ಅಂತ ಪಟ್ಟಿ ಮಾಡಿ ರಕ್ತನಿಧಿಯವರಿಗೂ ಒಂದು ಪ್ರತಿ ಕೊಟ್ಟಿರಬಹುದು. 18 ವರ್ಷ ತುಂಬಿರಬೇಕು, ತೂಕ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಹಸಿದ ಹೊಟ್ಟೆಯಲ್ಲಿ ಹೋಗಬಾರದು, ಕೊಟ್ಟ ದಿನ ಬಿಸಿಲಲ್ಲಿ ಅಲೆಯಬಾರದು. ಹಿಮೋಗ್ಲೋಬಿನ್ ಕಡಿಮೆ ಅಂತ ಎಷ್ಟೋ ಹುಡುಗಿಯರನ್ನು ವಾಪಸು ಕಳಿಸುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧದ ಹತ್ತಿರ ಜನರಿಗೆ ರಕ್ತಹೀನತೆ ಇತ್ತು. ರಕ್ತ ಕೊಡಲು ಹೋಗಿ ತನಗೇ ರಕ್ತ ಕಡಿಮೆ ಅಂತ ತಿಳಿದು, ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಬ್ಬಿಣದ ಮಾತ್ರೆ ತಂದು ನುಂಗಿದರೆ ಅದೂ ಸೇವೆಯೇ. ಮನೆಯ ಒಂದು ಜೀವಕ್ಕೆ.

ಮೂರನೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ತುರ್ತಿನದು. ಎಸ್ಸೆಸ್ಸೆಲ್ಸಿ ನಪಾಸಾದ ಹುಡುಗಿ.

2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕೂತವರ ಪೈಕಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಕ್ಕಳು ನಪಾಸಾದರು. ಫಲಿತಾಂಶ ಬಂದದ್ದು ಮೇ 2ಕ್ಕೆ. ಎರಡನೇ ಪರೀಕ್ಷೆ ಅದೇ ತಿಂಗಳ ಕೊನೆಯ ವಾರದಲ್ಲಿ. ನಡುವೆ ಸಿಕ್ಕಿದ್ದು ಮೂರು ವಾರ ಚಿಲ್ಲರೆ. ಫಲಿತಾಂಶದ ದಿನ ಪತ್ರಿಕೆಯಲ್ಲಿ 625ಕ್ಕೆ 625 ತೆಗೆದ ಮಕ್ಕಳ ಬಾಯಿಗೆ ಅಪ್ಪ ಅಮ್ಮ ಪೇಡ ಇಡುವ ಫೋಟೋ ಬರುತ್ತದೆ. ಬರಲಿ, ಸಂತೋಷ. ಗಣಿತದಲ್ಲಿ 27 ತೆಗೆದ ಹುಡುಗಿಯ ಮನೆಯಲ್ಲಿ ಅವತ್ತು ಏನು ಮಾತು ನಡೆಯುತ್ತದೆ ಅಂತ ಹಳ್ಳಿಯಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ಹುಡುಗನಾದರೆ ಗ್ಯಾರೇಜು ಅಥವಾ ಬೆಂಗಳೂರಿನ ಬಸ್ಸು. ಹುಡುಗಿಯಾದರೆ "ಓದಿದ್ದು ಸಾಕು". ಮೇ ತಿಂಗಳು ಹೇಳಿ ಕೇಳಿ ಮದುವೆ ಸೀಸನ್ನು. ನೆಂಟರೆಲ್ಲ ಯಾವುದಾದರೂ ಚೌಲ್ಟ್ರಿಯಲ್ಲಿ ಸೇರಿರುತ್ತಾರೆ, ಮಾತು ಅಲ್ಲೇ ಶುರುವಾಗುತ್ತದೆ. ಹದಿನಾರು ವರ್ಷದ ಹುಡುಗಿಗೆ ಕೆಲವೇ ಅಂಕ ಕಡಿಮೆ ಬಿದ್ದದ್ದು ಜೀವನವಿಡೀ ಬೀಳುವ ಕಡಿತವಾಗಿಬಿಡುತ್ತದೆ.

ಆ ಕೆಲವು ಅಂಕ ದೊಡ್ಡ ವಿಷಯವಲ್ಲ ಕಣ್ರೀ. ಸಮಾಂತರ ಶ್ರೇಢಿ, ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಎರಡು ಚರಾಕ್ಷರದ ಸಮೀಕರಣ, ಒಂದೆರಡು ಪ್ರಮೇಯ. ಇಷ್ಟನ್ನು ಪಕ್ಕದಲ್ಲಿ ಕೂತು ಹದಿನೈದು ದಿನ ಮಾಡಿಸುವವರು ಬೇಕು. ಶಾಲೆಯ ಮೇಷ್ಟ್ರಿಗೂ ಆ ಮೂರು ವಾರದಲ್ಲಿ ಕೆಲಸ ಕೊಡುತ್ತಾರೆ, ಪರಿಹಾರ ಬೋಧನೆ ನಡೆಯುತ್ತದೆ. ಆದರೆ ನಪಾಸಾದ ಹುಡುಗಿಗೆ ಶಾಲೆಯ ಗೇಟು ದಾಟುವುದೇ ಅವಮಾನ. ನಾಲ್ಕು ಕಿಲೋಮೀಟರ್ ಆಚೆಯ ಹೈಸ್ಕೂಲಿಗೆ ರಜೆಯಲ್ಲಿ ಒಬ್ಬಳನ್ನೇ ಕಳಿಸಲು ಮನೆಯವರೂ ಒಪ್ಪುವುದಿಲ್ಲ. ಅದೇ ಬೀದಿಯಲ್ಲಿ ಬಿಎಸ್ಸಿಯೋ ಬಿಕಾಮೋ ಓದುವ ಒಬ್ಬ ಅಕ್ಕ ರಜೆಗೆ ಬಂದಿರುತ್ತಾಳೆ. ಸಂಜೆ ಅವಳ ಮನೆಯ ಜಗುಲಿಗೆ ಹೋಗಿ ಕೂರಲು ಯಾರೂ ಅಡ್ಡಿ ಮಾಡುವುದಿಲ್ಲ. ಬ್ಯಾನರ್ ಹಿಡಿದು ಬೇರೆ ಊರಿನಿಂದ ಬಂದ ಐವತ್ತು ಜನರಿಗೆ ಸಿಗದ ಬಾಗಿಲು ಆ ಒಬ್ಬ ಅಕ್ಕನಿಗೆ ತೆರೆದೇ ಇರುತ್ತದೆ.

ಆ ಅಕ್ಕ ಮಾಡಬಹುದಾದ ಇನ್ನೊಂದು ಕೆಲಸ, ಮನೆಯವರ ಜೊತೆ ಮಾತು. "ಇನ್ನೊಂದು ಪರೀಕ್ಷೆ ಇದೆ ದೊಡ್ಡಪ್ಪ, ನಾನು ಹೇಳಿಕೊಡ್ತೀನಿ, ಜೂನ್‌ವರೆಗೆ ಸುಮ್ನಿರಿ" ಅಂತ ಒಂದು ಮಾತು. ಕಾನೂನಿನ ಮಾತು ಆಮೇಲೆ. ಹದಿನೆಂಟಕ್ಕೆ ಮುಂಚೆ ಮದುವೆ ಮಾಡುವುದು ಅಪರಾಧ, ಮಕ್ಕಳ ಸಹಾಯವಾಣಿ 1098 ಇದೆ, ಅದು ಅವಳಿಗೆ ಗೊತ್ತಿರಬೇಕು, ಅಂಗನವಾಡಿ ಟೀಚರ್ ಜೊತೆ ಮಾತಾಡಿಟ್ಟುಕೊಂಡಿರಬೇಕು. ಒಬ್ಬಳೇ ಹೋಗಿ ಜಗಳಕ್ಕೆ ನಿಲ್ಲಬಾರದು, ಹೆಸರು ಹೇಳಿಕೊಂಡು ಊರಲ್ಲಿ ನಿಷ್ಠುರ ಕಟ್ಟಿಕೊಳ್ಳಬಾರದು. ಇದನ್ನೆಲ್ಲ ರಜೆಗೆ ಮುಂಚೆ ಒಂದು ಮಧ್ಯಾಹ್ನ ಘಟಕದಲ್ಲಿ ಕೂರಿಸಿ ಹೇಳಿಕೊಡಬಹುದು. "ಯುವಜನತೆ ಮತ್ತು ರಾಷ್ಟ್ರನಿರ್ಮಾಣ" ಅಂತ ಉಪನ್ಯಾಸ ಇಡುವ ಬದಲು.

ಪಾಸಾದವರಿಗೂ ಅದೇ ಹೊತ್ತಿಗೆ ಬೇರೆ ಥರದ ಸಂಕಟ. ಪಿಯುಸಿಯೋ, ಡಿಪ್ಲೊಮಾವೋ, ಐಟಿಐಯೋ? ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಯಾವ ದಾಖಲೆ ಕೇಳುತ್ತಾರೆ? ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದದಿದ್ದರೆ ಏನು ಗತಿ? ಈ ಎಲ್ಲ ಸುತ್ತಾಟವನ್ನು ಎರಡು ವರ್ಷದ ಹಿಂದೆ ತಾನೇ ಮುಗಿಸಿದ ಡಿಗ್ರಿ ಹುಡುಗನಿಗಿಂತ ಚೆನ್ನಾಗಿ ಹೇಳುವವರು ಊರಲ್ಲಿ ಬೇರೆ ಯಾರೂ ಇರುವುದಿಲ್ಲ.

ನಾಲ್ಕನೆಯದು ಚಿಕ್ಕ ಮಕ್ಕಳು ಮತ್ತು ಪುಸ್ತಕ. ಪೇಟೆಯಲ್ಲಿ ಬೇಸಿಗೆ ಶಿಬಿರ ಅಂದರೆ ಎರಡು ವಾರಕ್ಕೆ ಸಾವಿರಾರು ರೂಪಾಯಿ. ಹಳ್ಳಿಯ ಮಕ್ಕಳಿಗೆ ಮಾವಿನ ತೋಪು, ಕೆರೆ, ಈಗ ಅಪ್ಪನ ಮೊಬೈಲು. ನಮ್ಮ ರಾಜ್ಯದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಅವನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟ ಮೇಲೆ, 2020ರ ಮಕ್ಕಳ ದಿನಾಚರಣೆಯಂದು ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಬಹಳ ಕಡೆ "ಅರಿವು ಕೇಂದ್ರ" ಅನ್ನುವ ಬೋರ್ಡಿದೆ, ಬಣ್ಣ ಬಣ್ಣದ ಗೋಡೆಯಿದೆ, ಕಂಪ್ಯೂಟರೂ ಇದೆ. ಇರುವುದು ಒಬ್ಬ ಮೇಲ್ವಿಚಾರಕರು. ಅವರನ್ನು ಕೇಳಿಕೊಂಡು ವಾರಕ್ಕೆ ಒಂದು ಸಂಜೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಗಟ್ಟಿಯಾಗಿ ಕತೆ ಓದಿದರೆ ಸಾಕು. ಪುಸ್ತಕ ಸಾಲದಿದ್ದರೆ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಪುಕ್ಕಟೆ ಸಿಗುತ್ತವೆ.

ಐದನೆಯದು ನಮ್ಮಂಥ ಯೂನಿಕೋಡ್ ಕುಟುಂಬದವರಿಗೆ ಹತ್ತಿರದ ವಿಷಯ. ಕಣ್ಣು ಕಾಣದ ವಿದ್ಯಾರ್ಥಿಗಳು ಈಗ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುತ್ತಾರೆ. ಪುಕ್ಕಟೆ ಸಿಗುವ ಎನ್‌ವಿಡಿಎ ತಂತ್ರಾಂಶ ಕನ್ನಡವನ್ನೂ ಓದಿ ಹೇಳುತ್ತದೆ. ಆದರೆ ಅದು ಓದುವುದು ಯೂನಿಕೋಡ್ ಕನ್ನಡವನ್ನು. ನಮ್ಮ ಕಾಲೇಜಿನ ನೋಟ್ಸುಗಳು ಇರುವುದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸ್ಕ್ರೀನ್ ರೀಡರ್ ಅದನ್ನು ಓದಿದ್ದು ಕೇಳಿದರೆ ನಗು ಬರುತ್ತದೆ, ಪರೀಕ್ಷೆಗೆ ಓದಬೇಕಾದ ಹುಡುಗನಿಗೆ ಅಳು ಬರುತ್ತದೆ. ನುಡಿಯಲ್ಲೂ ಯೂನಿಕೋಡ್ ಬಂದು ಎಷ್ಟೋ ಕಾಲವಾಯಿತು, ಅಭ್ಯಾಸ ಮಾತ್ರ ಹೋಗಿಲ್ಲ. ಪರಿವರ್ತಕಗಳಿವೆ, ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ. ಜೆರಾಕ್ಸ್ ನೋಟ್ಸಾದರೆ ಓಸಿಆರ್ ಮಾಡಿ ತಿದ್ದಬೇಕು. ಬಿಸಿಲಿಗೆ ಹೊರಗೆ ಹೋಗಲಾಗದ ಮಧ್ಯಾಹ್ನದಲ್ಲಿ, ಮನೆಯಲ್ಲೇ ಕೂತು, ಒಬ್ಬೊಬ್ಬರು ಒಂದೊಂದು ಅಧ್ಯಾಯ ತಿದ್ದಿದರೆ ಮುಂದಿನ ಸೆಮಿಸ್ಟರಿನ ಪುಸ್ತಕ ಜೂನ್‌ಗೆ ತಯಾರು. ಅಂಗವಿಕಲರ ಬಳಕೆಗೆ ಹೀಗೆ ಲಾಭವಿಲ್ಲದೆ ರೂಪ ಬದಲಿಸಲು 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ. ನಿಮ್ಮ ಕಾಲೇಜಿನಲ್ಲಿ ಅಂಥ ವಿದ್ಯಾರ್ಥಿ ಇದ್ದರೆ ಮೊದಲು ಅವರನ್ನೇ ಕೇಳಿ, ಯಾವ ವಿಷಯದ್ದು ಮೊದಲು ಬೇಕು ಅಂತ.

ಆರನೆಯದು ಸೊಳ್ಳೆ. ನಗಬೇಡಿ. ಬೇಸಿಗೆಯಲ್ಲಿ ನಲ್ಲಿ ನೀರು ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ ಬರುವ ಊರುಗಳಲ್ಲಿ ಡ್ರಮ್ಮು, ತೊಟ್ಟಿ, ಬಿಂದಿಗೆ ಎಲ್ಲ ತುಂಬಿಡುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ ನೀರೇ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಮೊಟ್ಟೆ ತೊಟ್ಟಿಯ ಗೋಡೆಗೆ ಅಂಟಿಕೊಂಡಿರುತ್ತದೆ, ನೀರು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಗೋಡೆ ಉಜ್ಜಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಬೇಕಾಯಿತು. ಮಳೆ ಬೀಳುವ ಮುಂಚೆ, ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆಯ ಜೊತೆ ತನ್ನ ಬೀದಿಯ ಇಪ್ಪತ್ತು ಮನೆ ಸುತ್ತಿ ತೊಟ್ಟಿ ನೋಡಿ ಬರುವುದು ಒಂದು ಭಾನುವಾರದ ಕೆಲಸ. ಹಕ್ಕಿಗೆ ನೀರಿಡಿ ಅಂತ ಸ್ಟೇಟಸ್ ಹಾಕುವವರೂ ಆ ಬಟ್ಟಲನ್ನು ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ಹಕ್ಕಿಗಿಂತ ಮುಂಚೆ ಸೊಳ್ಳೆಗೆ ಉಪಕಾರವಾಗುತ್ತದೆ.

ಇಷ್ಟು ಹೇಳಿದಾಗ ಒಬ್ಬ ಉಪನ್ಯಾಸಕ ಗೆಳೆಯರು ಹೇಳಿದ ಆಕ್ಷೇಪಗಳನ್ನೂ ಬರೆಯಬೇಕು, ಅವು ಸುಳ್ಳಲ್ಲ.

ಒಂದು, ಬೇಸಿಗೆಯಲ್ಲಿ ಹುಡುಗರು ಖಾಲಿ ಇರುವುದಿಲ್ಲ. ಕೇಟರಿಂಗ್‌ನಲ್ಲಿ ಬಡಿಸಲು ಹೋಗುತ್ತಾರೆ, ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾರೆ, ಬಟ್ಟೆ ಅಂಗಡಿಯಲ್ಲಿ ನಿಲ್ಲುತ್ತಾರೆ, ಮುಂದಿನ ವರ್ಷದ ಫೀಸು ಹೊಂದಿಸುತ್ತಾರೆ. ಹುಡುಗಿಯರಿಗೆ ಮನೆಗೆಲಸ, ಹೊಲದ ಕೆಲಸ, ಹಪ್ಪಳ ಸಂಡಿಗೆ. ಇವರ ಹತ್ತಿರ ಪುಕ್ಕಟೆ ದುಡಿಮೆ ಕೇಳುವುದು ನ್ಯಾಯವೇ? ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಹೇಳಿದ್ದು ವಾರಕ್ಕೆ ಎರಡು ಗಂಟೆ ಮತ್ತು ಸ್ವಂತ ಊರು. ಬೇಸಿಗೆಯಲ್ಲಿ ಹತ್ತು ದಿನದ ಶಿಬಿರ ಇಟ್ಟರೆ ದುಡಿಯುವ ಹುಡುಗ ಹತ್ತು ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಭಾನುವಾರ ಸಂಜೆ ಪಕ್ಕದ ಮನೆ ಹುಡುಗನಿಗೆ ಲೆಕ್ಕ ಹೇಳಿಕೊಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ. ಅದೂ ಆಗದವರಿಗೆ ಒತ್ತಾಯ ಬೇಡವೇ ಬೇಡ. ಕಡ್ಡಾಯವೋ ಒಲವೋ ಅನ್ನುವ ಚರ್ಚೆ 1969ರಲ್ಲೇ ಮುಗಿದಿದೆ.

ಎರಡು, ಲೆಕ್ಕ ಯಾರಿಡುವುದು? ಶಿಬಿರದಲ್ಲಿ ಹಾಜರಿ ಪುಸ್ತಕ ಇದೆ, ಫೋಟೋ ಇದೆ, ವರದಿ ಇದೆ. ಅರವತ್ತು ಊರಿನಲ್ಲಿ ಹಂಚಿಹೋದವರನ್ನು ಕಾರ್ಯಕ್ರಮಾಧಿಕಾರಿ ಹೇಗೆ ನಂಬುವುದು? ಅವರೇ ಮೌಲ್ಯಮಾಪನಕ್ಕೆ ಹೋಗಿ ಉತ್ತರಪತ್ರಿಕೆಯ ಕಟ್ಟುಗಳ ನಡುವೆ ಕೂತಿರುತ್ತಾರೆ. ನನ್ನ ಉತ್ತರ, ನಂಬಿ. ಸುಳ್ಳು ಬರೆಯುವವನು ಹಾಜರಿ ಪುಸ್ತಕದಲ್ಲೂ ಸುಳ್ಳು ಸಹಿ ಹಾಕುತ್ತಾನೆ. ಒಂದೇ ಹೋಬಳಿಯ ನಾಲ್ಕೈದು ಜನರದ್ದು ಒಂದು ಗುಂಪು ಮಾಡಿ, ಒಬ್ಬರ ಕೆಲಸ ಇನ್ನೊಬ್ಬರು ಹೋಗಿ ನೋಡಿ ಬರಲಿ. ಕಾಲೇಜು ಶುರುವಾದಾಗ ಒಬ್ಬೊಬ್ಬರೂ ಒಂದು ಪುಟ ಬರೆದು ತರಲಿ: ಏನು ಮಾಡಲು ಹೋದೆ, ಏನಾಯಿತು, ಏನಾಗಲಿಲ್ಲ. ಆ ಗಂಟೆಗಳನ್ನು 120ರಲ್ಲಿ ಸೇರಿಸಿ. "ಏನಾಗಲಿಲ್ಲ" ಅಂತ ಬರೆದವರ ಗಂಟೆಯನ್ನು ಮೊದಲು ಸೇರಿಸಿ.

ಮೂರು, ಬಿಸಿಲು. ಇದನ್ನು ಹಗುರ ಮಾಡಬಾರದು. ಕಲಬುರಗಿ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಇದೆ. ಹೊರಗಿನ ಕೆಲಸ ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ಐದರ ಮೇಲೆ. ಕೆರೆ, ಕಲ್ಯಾಣಿ, ಬಾವಿ ಸ್ವಚ್ಛ ಮಾಡುವ ಉಮೇದು ಹುಡುಗರಿಗೆ ಬಹಳ. ದೊಡ್ಡವರು, ಈಜು ಬಲ್ಲವರು, ಹಗ್ಗ ಇಲ್ಲದೆ ನೀರಿನ ಹತ್ತಿರದ ಕೆಲಸಕ್ಕೆ ಕೈ ಹಾಕಲೇಬಾರದು. ನನ್ನ ಪಟ್ಟಿಯಲ್ಲಿ ಅದನ್ನು ಬೇಕಂತಲೇ ಸೇರಿಸಿಲ್ಲ.

ಇಷ್ಟಕ್ಕೆಲ್ಲ ಸುತ್ತೋಲೆ ಬೇಕಿಲ್ಲ, ಅನುದಾನ ಬೇಕಿಲ್ಲ. ಪರೀಕ್ಷೆಗೆ ಎರಡು ವಾರ ಮುಂಚೆ ಒಂದು ಮಧ್ಯಾಹ್ನ ಘಟಕವನ್ನು ಕೂರಿಸಿ ಮೂರು ಪ್ರಶ್ನೆ ಕೇಳಿದರೆ ಸಾಕು. ನಿನ್ನ ಊರು ಯಾವುದು? ಅಲ್ಲಿ ಎಷ್ಟು ದಿನ ಇರುತ್ತೀಯ? ಇದರಲ್ಲಿ ಯಾವ ಒಂದು ಕೆಲಸ ನಿನ್ನಿಂದಾಗುತ್ತದೆ? ಒಂದೇ ಕ��ಲಸ, ಆರೂ ಅಲ್ಲ. ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಆಮೇಲೆ ಬೇಕಾದರೆ ಕೋಣೆಗೆ ಬೀಗ ಹಾಕಿ, ಗುದ್ದಲಿ ಪಿಕಾಸಿ ಒಳಗೇ ಇರಲಿ.

ನಿಮ್ಮಲ್ಲಿ ಕಾಲೇಜಿನಲ್ಲಿ ಪಾಠ ಮಾಡುವವರಿದ್ದೀರಿ, ಹಿಂದೆ ಎನ್ನೆಸ್ಸೆಸ್ಸಿನಲ್ಲಿದ್ದವರಿದ್ದೀರಿ, ಮಲೆನಾಡಿನವರು, ಬಯಲುಸೀಮೆಯವರು, ಕರಾವಳಿಯವರು ಇದ್ದೀರಿ. ನನ್ನ ಪಟ್ಟಿ ಬಯಲುಸೀಮೆಯವನ ಪಟ್ಟಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಬೇಸಿಗೆಯ ಕಷ್ಟಗಳೇ ಬೇರೆ ಇರುತ್ತವೆ. ನಿಮ್ಮೂರಿನಲ್ಲಿ, ಬೇಸಿಗೆಯಲ್ಲಿ, ಊರಿಗೆ ಬಂದ ಒಬ್ಬ ಹುಡುಗ ಅಥವಾ ಹುಡುಗಿ ವಾರಕ್ಕೆ ಎರಡು ಗಂಟೆಯಲ್ಲಿ ಮಾಡಬಹುದಾದ ಕೆಲಸ ಯಾವುದು? ಒಂದೊಂದು ಬರೆದು ತಿಳಿಸಿ. ಎಲ್ಲ ಸೇರಿಸಿ ಒಂದು ಪುಟ ಮಾಡಿ, ಪರಿಚಯದ ಕಾರ್ಯಕ್ರಮಾಧಿಕಾರಿಗಳಿಗೆ ಪರೀಕ್ಷೆಗೆ ಮುಂಚೆಯೇ ತಲುಪಿಸೋಣ. ಅಷ್ಟರಲ್ಲಿ ಕಳೆದ ಜೂನ್‌ನಲ್ಲಿ ನೀವು ನೆಟ್ಟ ಗಿಡ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ. ಇದ್ದರೆ ಒಂದು ಕೊಡ ನೀರು ಹಾಕಿ ಬನ್ನಿ.